ಹುಬ್ಬಳ್ಳಿಯಿಂದ ಹೈದರಾಬಾದ್‌ಗೆ, ವಯಾ ಮುಂಬೈ: ಪಿಂಗ್ ಹೇಳುವ ಇತಿಹಾಸ

ಕಳೆದ ತಿಂಗಳು ಹುಬ್ಬಳ್ಳಿಗೆ, ನಮ್ಮ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದು ಒಂದು ಸಣ್ಣ ಪರೀಕ್ಷೆ ಮಾಡಿದೆ. ಮನೆಯ ಫೈಬರ್ ಕನೆಕ್ಷನ್‌ನಿಂದ ಒಂದೇ ಕ್ಲೌಡ್ ಕಂಪನಿಯ ನಾಲ್ಕು ಕಡೆಯ ಡೇಟಾ ಸೆಂಟರ್‌ಗಳಿಗೆ ಪಿಂಗ್ ಕಳಿಸಿದೆ. ಪಿಂಗ್ ಅಂದ್ರೆ ಗೇಮ್ ಆಡೋರಿಗೆ ಗೊತ್ತೇ ಇರುತ್ತೆ. "ಇದ್ದೀಯಾ?" ಅಂತ ಕೂಗಿ, "ಇದ್ದೀನಿ" ಅನ್ನೋ ಉತ್ತರ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡೋದು. ಇದನ್ನೇ ಲೇಟೆನ್ಸಿ ಅಂತಾರೆ. ಅಳೆಯೋದು ಮಿಲಿಸೆಕೆಂಡ್‌ನಲ್ಲಿ, ಅಂದ್ರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಮುಂಬೈ 24. ಹೈದರಾಬಾದ್ 38. ಸಿಂಗಪುರ 61. ಅಮೆರಿಕದ ವರ್ಜೀನಿಯಾ 232.

ಒಂದು ಮನೆ, ಒಂದು ರಾತ್ರಿಯ ಲೆಕ್ಕ ಇದು, ನಿಮ್ಮಲ್ಲಿ ಬೇರೆ ಬರಬಹುದು. ಆದ್ರೆ ಎರಡನೇ ನಂಬರ್ ನನ್ನನ್ನ ಕಾಡಿತು. ಮ್ಯಾಪ್‌ನಲ್ಲಿ ನೇರ ಗೆರೆ ಎಳೆದರೆ ಹುಬ್ಬಳ್ಳಿಗೆ ಮುಂಬೈಗಿಂತ ಹೈದರಾಬಾದೇ ಹತ್ತಿರ. ಮತ್ತೆ ಪಿಂಗ್ ಯಾಕೆ ಜಾಸ್ತಿ? ದಾರಿ ತೋರಿಸೋ ಟ್ರೇಸ್‌ರೂಟ್ ಹಾಕಿ ನೋಡಿದೆ. ನನ್ನ ಪ್ಯಾಕೆಟ್ ಮೊದಲು ಮುಂಬೈಗೆ ಹೋಗಿ, ಅಲ್ಲಿಂದ ಹೈದರಾಬಾದ್‌ಗೆ ಬರ್ತಿತ್ತು!

ಪಕ್ಕದಲ್ಲಿ ಕೂತಿದ್ದ ಅಜ್ಜನಿಗೆ ಇದನ್ನ ಹೇಳಿದೆ. ಅಜ್ಜ ಹರೆಯದಲ್ಲಿ ಹುಬ್ಬಳ್ಳಿಯ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅವರು ನಕ್ಕು, "ಅದರಾಗೇನೈತಿ ತಮ್ಮಾ? ನಮ್ಮ ಕಾಲದಾಗೂ ಮುಂಬೈ ತಂತಿ ಬರೂತನಕ ಇಲ್ಲಿ ಯಾರೂ ಧಾರಣಿ ಹೇಳ್ತಿದ್ದಿಲ್ಲ" ಅಂದ್ರು.

ಇವತ್ತಿನ ಎಪಿಸೋಡ್ ಹುಟ್ಟಿದ್ದು ಆ ಮಾತಿನಿಂದ.

ಮೊದಲು ಸ್ವಲ್ಪ ಲೆಕ್ಕ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಹೋಗಿ ಬರೋದನ್ನೂ ಸೇರಿಸಿದರೆ ಪ್ರತಿ 100 ಕಿಲೋಮೀಟರ್ ದೂರಕ್ಕೆ 1 ಮಿಲಿಸೆಕೆಂಡ್. ಮಾಮೂಲಿ ಫೈಬರ್‌ನಲ್ಲಿ ಇದಕ್ಕಿಂತ ಕಡಿಮೆ ಮಾಡೋಕೆ ಎಷ್ಟು ದುಡ್ಡು ಸುರಿದರೂ ಆಗಲ್ಲ. ಹುಬ್ಬಳ್ಳಿ–ಮುಂಬೈ ನೇರ ದೂರ 500 ಕಿಲೋಮೀಟರ್‌ಗೂ ಕಡಿಮೆ. ಅಂದ್ರೆ 5 ಮಿಲಿಸೆಕೆಂಡ್ ಸಾಕು. ನನಗೆ ಸಿಕ್ಕಿದ್ದು 24. ಉಳಿದದ್ದೆಲ್ಲ ಸುತ್ತುದಾರಿ, ನಡುವಿನ ರೂಟರ್‌ಗಳ ಖರ್ಚು.

ಈ ದಾರಿಗಳು ಎಲ್ಲಿಂದ ಬಂದವು? 1860ರ ದಶಕಕ್ಕೆ ಹೋಗೋಣ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗ್ತಿದ್ದ ಹತ್ತಿ ನಿಂತಿತು, ಇಂಡಿಯಾದ ಹತ್ತಿಗೆ ಚಿನ್ನದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗ್ತಿತ್ತು. ತಮಾಷೆ ಅಂದ್ರೆ, ಅದರಲ್ಲಿ ಒಂದು ಬಗೆಯ ಹತ್ತಿಗೆ ವ್ಯಾಪಾರದಲ್ಲಿದ್ದ ಹೆಸರು 'ಕುಮಟಾ ಹತ್ತಿ'. ಬೆಳೆದವನು ಬಯಲುಸೀಮೆಯ ರೈತ, ಹೆಸರು ಮಾತ್ರ ಬಂದರಿನದು.

ಮುಂಬೈನಲ್ಲಿ ಆಗ ಶೇರು ಹುಚ್ಚು ಹಿಡಿದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು, ಅದರ ಜೊತೆ ಶೇರುಪೇಟೆಯೂ ಕುಸಿಯಿತು. ಆ ಕಾಲದ ದೊಡ್ಡ ಕುಳ ಪ್ರೇಮ್‌ಚಂದ್ ರಾಯ್‌ಚಂದ್ ಕೂಡ ಮುಳುಗಿದ. ಬಿ.ಕಾಂ.ನಲ್ಲಿ ನಾವು ಓದಿದ ಒಂದು ಪಾಠ ಇಲ್ಲಿ ಕಣ್ಣಿಗೆ ಕಾಣುತ್ತೆ: ಮಾರುಕಟ್ಟೆಯಲ್ಲಿ ಸುದ್ದಿ ಕೊನೆಗೆ ತಲುಪುವವನೇ ನಷ್ಟವನ್ನ ಮನೆಗೆ ಒಯ್ಯುವವನು.

ಹಾಗಾಗಿ ಸುದ್ದಿಯ ವೇಗಕ್ಕೆ ದುಡ್ಡು ಹರಿಯಿತು. 1858ರಲ್ಲೇ ಅಟ್ಲಾಂಟಿಕ್ ಅಡಿಯಲ್ಲಿ ಕೇಬಲ್ ಹಾಕಿದ್ದರು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅಮೆರಿಕ ತಲುಪೋಕೆ 16 ಗಂಟೆ ಹಿಡಿದಿತ್ತು. ಕೆಲವೇ ವಾರಗಳಲ್ಲಿ ಆ ಕೇಬಲ್ ಕೆಟ್ಟೇ ಹೋಯ್ತು. ಆದ್ರೂ ಬಿಡಲಿಲ್ಲ. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಅನ್ನೋ ದೈತ್ಯ ಹಡಗು ಮುಂಬೈನಿಂದ ಏಡನ್‌ವರೆಗೆ ಸಮುದ್ರದಡಿ ಕೇಬಲ್ ಹಾಸಿತು. ಅದೇ ವರ್ಷ ಜೂನ್‌ನಲ್ಲಿ ಮುಂಬೈ–ಲಂಡನ್ ಸಂಪರ್ಕ ಪೂರ್ತಿಯಾಯ್ತು. ಕಾಗದ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡ್ತಿದ್ದ ದೂರವನ್ನ ಸಂದೇಶ ಗಂಟೆಗಳಲ್ಲಿ ದಾಟತೊಡಗಿತು.

ಅವತ್ತಿನಿಂದ ಮುಂಬೈ ಲಂಡನ್‌ಗೆ ಹತ್ತಿರವಾಯ್ತು. ಹುಬ್ಬಳ್ಳಿ? ಮುಂಬೈ ತಂತಿಗೆ ಕಾಯೋ ಊರಾಗಿಯೇ ಉಳಿಯಿತು.

ಈಗ ನೂರು ವರ್ಷ ದಾಟಿ ಬೆಂಗಳೂರಿಗೆ ಬನ್ನಿ. ಬೆಂಗಳೂರಿಗೆ ಕಡಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಂದಾಗ ಅಮೆರಿಕದ ಜೊತೆ ಕೆಲಸ ಮಾಡೋಕೆ ಉಪಗ್ರಹದ ಲಿಂಕ್ ಬೇಕಾಯ್ತು. ಅಂಥ ಉಪಗ್ರಹ ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿದು, ಉತ್ತರವೂ ಹಾಗೇ ಬರೋಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್, ಅಂದ್ರೆ 480 ಮಿಲಿಸೆಕೆಂಡ್ ಬೇಕೇ ಬೇಕು. ಇವತ್ತು ನಾವು ಬಯ್ಯೋ ವರ್ಜೀನಿಯಾ ಪಿಂಗ್‌ನ ಎರಡು ಪಟ್ಟು! ನಮ್ಮ ಸಾಫ್ಟ್‌ವೇರ್ ರಾಜಧಾನಿ ಮೊದಲ ಹೆಜ್ಜೆ ಇಟ್ಟಿದ್ದು ಅಷ್ಟು ಲೇಟೆನ್ಸಿಯಲ್ಲಿ.

1995ರ ಆಗಸ್ಟ್ 15ಕ್ಕೆ ವಿಎಸ್ಎನ್ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಆಮೇಲೆ ಫೈಬರ್ ಕೇಬಲ್‌ಗಳು ಬಂದವು. 1997ರ ಫ್ಲ್ಯಾಗ್ ಕೇಬಲ್ ದಡ ಹತ್ತಿದ್ದು ಮತ್ತೆ ಮುಂಬೈನಲ್ಲೇ. 2002ರಲ್ಲಿ ಚೆನ್ನೈ–ಸಿಂಗಪುರ ನಡುವೆ ಐ2ಐ ಕೇಬಲ್ ಬಂತು. ಆದರೂ ದೇಶದೊಳಗಿನ ದಾರಿ ಸರಿ ಇರಲಿಲ್ಲ. ಇಲ್ಲಿನ ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕಳಿಸಿದ ಇಮೇಲ್ ಎಷ್ಟೋ ಸಲ ವಿದೇಶಕ್ಕೆ ಹೋಗಿ ವಾಪಸ್ ಬರ್ತಿತ್ತು. ಇದನ್ನ ತಪ್ಪಿಸೋಕೆ ಅಂತಲೇ 2003ರಲ್ಲಿ ನಿಕ್ಸಿ ಹುಟ್ಟಿತು. ದೇಶದ ಟ್ರಾಫಿಕ್ ದೇಶದೊಳಗೇ ಕೈ ಬದಲಾಯಿಸೋ ಒಂದು ಜಂಕ್ಷನ್ ಅದು.

ಕ್ಲೌಡ್ ಬಂದಾಗಲೂ ಇದೇ ಕಥೆ. ಅಮೆಜಾನ್ 2010ರಲ್ಲಿ ಸಿಂಗಪುರದಲ್ಲಿ ರೀಜನ್ ತೆರೆಯಿತು. ನಮ್ಮ ಎಷ್ಟೋ ಸ್ಟಾರ್ಟಪ್‌ಗಳ ಸರ್ವರ್ ಅಲ್ಲೇ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಪುಣೆ, ಚೆನ್ನೈ, ಮುಂಬೈಗೆ ಬಂತು. 2016ರಲ್ಲಿ ಅಮೆಜಾನ್, 2017ರಲ್ಲಿ ಗೂಗಲ್, ಎರಡೂ ಮುಂಬೈಗೇ. ಬೆಂಗಳೂರಿನಲ್ಲಿ ಡೇಟಾ ಸೆಂಟರ್‌ಗಳೇ ಇಲ್ಲ ಅಂತಲ್ಲ. ಆದ್ರೆ ಕೋಡ್ ಬರೆಯೋ ಊರಿಗೆ ಈ ಮೂವರಲ್ಲಿ ಒಬ್ಬರೂ ಆಗ ರೀಜನ್ ತರಲಿಲ್ಲ. 1870ರ ಕೇಬಲ್ ಹತ್ತಿದ ದಡಕ್ಕೆ ಎಲ್ಲರೂ ಹೋದರು.

2022ರಲ್ಲಿ ಅಮೆಜಾನ್ ಹೈದರಾಬಾದ್‌ನಲ್ಲಿ ಎರಡನೇ ರೀಜನ್ ತೆರೆಯಿತು. ಕಡಲಿಲ್ಲದ ಊರಿಗೂ ಕ್ಲೌಡ್ ಬಂತು, ಖುಷಿ. ಆದರೆ ನನ್ನ ಮನೆಯ ಪ್ಯಾಕೆಟ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಅದು ಹಳೇ ದಾರಿಯಲ್ಲೇ ಮುಂಬೈಗೆ ಹೋಗಿ ಬರ್ತಿದೆ.

"ಕಣ್ಣು ಮಿಟುಕಿಸೋ ಅಷ್ಟು ಹೊತ್ತಿಗೆ ಇಷ್ಟೆಲ್ಲ ಮಾತಾ?" ಅಂತ ಕೇಳಬಹುದು. ನನ್ನ ತಪ್ಪನ್ನೇ ಹೇಳ್ತೀನಿ. ಈ ಪಾಡ್‌ಕಾಸ್ಟ್‌ನ ಮೊದಲ ವೆಬ್‌ಸೈಟ್ ಮಾಡುವಾಗ ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಯುತ್ತೆ ಅಂತ ಸರ್ವರನ್ನ ವರ್ಜೀನಿಯಾದಲ್ಲಿ ಇಟ್ಟಿದ್ದೆ. ಒಂದು ಪೇಜ್ ತೆರೆಯೋಕೆ ಒಂದು ಸಲ ಹೋಗಿ ಬಂದ್ರೆ ಸಾಲಲ್ಲ. ಸಂಪರ್ಕಕ್ಕೆ ಒಂದು, ಭದ್ರತೆಗೆ ಒಂದು, ಪೇಜ್‌ಗೆ, ಚಿತ್ರಕ್ಕೆ, ಆಡಿಯೋಗೆ ಅಂತ ಆರು ಸಲ ಆಯ್ತು ಅಂದುಕೊಳ್ಳಿ. ಮುಂಬೈಗಾದ್ರೆ ಸೆಕೆಂಡಿನ ಏಳನೇ ಒಂದು ಭಾಗ, ವರ್ಜೀನಿಯಾಗೆ ಸುಮಾರು 1.4 ಸೆಕೆಂಡ್. ಸಿಗ್ನಲ್ ವೀಕ್ ಇದ್ರೆ ಇನ್ನೂ ಜಾಸ್ತಿ. ಕಲಬುರಗಿಯ ಒಬ್ಬ ಕೇಳುಗರು ಬರೆದಿದ್ರು: "ನಿಮ್ಮ ಪೇಜ್ ಸುತ್ತಾಡ್ತಾನೇ ಇರ್ತದ್ರೀ, ನಾ ಬಿಟ್ಟುಬಿಟ್ಟೆ." ಕನ್ನಡದಲ್ಲಿ ಮಾತಾಡಿ ಕನ್ನಡದವರಿಂದಲೇ ಅಷ್ಟು ದೂರ ಕೂತಿದ್ದೆ ನಾನು. ಮರುವಾರವೇ ಸರ್ವರನ್ನ ಮುಂಬೈಗೆ ತಂದೆ.

ಬೆಳಕಿನ ವೇಗವನ್ನ ಯಾರೂ ಬದಲಾಯಿಸೋಕಾಗಲ್ಲ. ಆದ್ರೆ ಕೇಬಲ್ ಎಲ್ಲಿ ದಡ ಹತ್ತಬೇಕು, ಜಂಕ್ಷನ್ ಎಲ್ಲಿರಬೇಕು, ಯಾವ ಊರಿಗೆ ನೇರ ದಾರಿ, ಯಾವುದಕ್ಕೆ ಸುತ್ತುದಾರಿ, ಇದನ್ನೆಲ್ಲ ಮನುಷ್ಯರೇ ನಿರ್ಧರಿಸಿದ್ದು. ಹಾಗಾಗಿ ಕೇಳೋ ಹಕ್ಕೂ ನಮಗಿದೆ. ನಿಮಗೆ ಇಂಟರ್ನೆಟ್ ಕೊಡೋರು "ಎಷ್ಟು ಎಂಬಿಪಿಎಸ್ ಬೇಕು ಸರ್?" ಅಂತ ಕೇಳ್ತಾರಲ್ಲ, ಆಗ ವಾಪಸ್ ಒಂದು ಪ್ರಶ್ನೆ ಹಾಕಿ: "ನನ್ನ ಡೇಟಾ ಯಾವ ದಾರೀಲಿ ಹೋಗುತ್ತೆ?"

ಅಜ್ಜ ಮಲಗೋಕೆ ಏಳ್ತಾ ಕೇಳಿದ್ರು, "ಹಂಗಾರ ಈಗ ಮುಂಬೈ ತಂತಿ ಎಷ್ಟೊತ್ತಿಗೆ ಬರ್ತೈತಿ?"

"24 ಮಿಲಿಸೆಕೆಂಡ್, ಅಜ್ಜಾ."

"ಬರೋದು ಮುಂಬೈನಿಂದನ ಅಲ್ಲೇನು?" ಅಂದು ಲೈಟ್ ಆರಿಸಿದ್ರು.

ಮುಂದಿನ ವಾರ ಸಿಗೋಣ.