ನಳಿಗೆಯೊಳಗಿನ ಸೀಸ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಚುನಾವಣೆ ಬಂತು ಅಂತ ಗೊತ್ತಾಗಲು ಮೈಕು, ಬ್ಯಾನರ್ ಏನೂ ಬೇಡ. ಕೋವಿ ಪೊಲೀಸ್ ಠಾಣೆಗೆ ಹೊರಟಿತು ಅಂದರೆ ಚುನಾವಣೆ ಬಂತು ಅಂತಲೇ ಅರ್ಥ. ನೀತಿ ಸಂಹಿತೆ ಜಾರಿಯಾದ ಕೂಡಲೇ ಪರವಾನಗಿ ಇರುವ ಬಂದೂಕುಗಳನ್ನು ಠೇವಣಿ ಇಡಿ ಎಂದು ಆದೇಶ ಬರುತ್ತದೆ. ವಿನಾಯಿತಿ ಕೇಳಬಹುದು, ಅರ್ಜಿ ನೋಡಲು ಸಮಿತಿಯೂ ಇದೆ. ಆದರೂ ಬಹಳಷ್ಟು ಕೃಷಿಕರು ಸುಮ್ಮನೆ ಕೊಟ್ಟು ಬರುತ್ತಾರೆ. 2024ರ ಲೋಕಸಭೆ ಚುನಾವಣೆಯನ್ನೇ ತಗೊಳ್ಳಿ. ದಿನಾಂಕ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ, ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಒಟ್ಟು 80 ದಿನ. ಅಷ್ಟೂ ದಿನ ಹಂದಿ ಮತ್ತು ಮಂಗಗಳಿಗೆ ಯಾವ ಸಂಹಿತೆಯೂ ಇಲ್ಲ.

ಇನ್ನೊಂದು ಸಮಸ್ಯೆ ಕೋವಿಯದ್ದೇ. ತೊಳೆಯದೆ ಠಾಣೆಗೆ ಕೊಟ್ಟ ಕೋವಿ ಮಳೆಗಾಲದ ಬಾಗಿಲಲ್ಲಿ ವಾಪಸ್ ಬರುವಾಗ ನಳಿಗೆಯೊಳಗೆ ತುಕ್ಕು ಹಿಡಿದಿರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಇಲ್ಲಿ ಕಬ್ಬಿಣ ಕೇಳಿಸಿಕೊಂಡು ತುಕ್ಕು ಹಿಡಿಯುವುದಿಲ್ಲ.

ಈ ನಳಿಗೆಯ ಕೊಳೆ ಬರೀ ಎಣ್ಣೆ-ಬಟ್ಟೆಯ ವಿಷಯ ಅಲ್ಲ. ನಮ್ಮಜ್ಜ ಯಾವ ಕೋವಿ ಇಟ್ಟುಕೊಳ್ಳಬಹುದು, ಯಾವುದಕ್ಕೆ ಯಾರ ಸಹಿ ಬೇಕು ಎನ್ನುವ ಕಾನೂನಿನ ಬೇರು ಹುಡುಕುತ್ತಾ ಹೋದರೆ ಒಂದು ಕಡೆ ಈ ಕೊಳೆಯೇ ಸಿಗುತ್ತದೆ.

ಮೊದಲು ಕೊಳೆಯನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ಕಡೆಯ ಹಳೆಯ ಕೇಪಿನ ಕೋವಿಯಲ್ಲಿ ಬಾಯಿಯ ಕಡೆಯಿಂದ ಮಸಿ ಹಾಕಿ, ತೆಂಗಿನ ನಾರು ತುರುಕಿ ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕುತ್ತಾರೆ. ಹಿಂದಿನ ನಿಪ್ಪಲ್ ಮೇಲೆ ಕೇಪು ಕೂರಿಸಿ ಕುದುರೆ ಎಳೆದರೆ ಸಿಡಿಯುತ್ತದೆ. ಕರಿಮದ್ದು ಅಂದರೆ ಹೆಚ್ಚುಕಡಿಮೆ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಒಂದಷ್ಟು ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ, ಉಳಿದದ್ದು ಲವಣವಾಗಿ ನಳಿಗೆಯ ಗೋಡೆಗೆ ಅಂಟುತ್ತದೆ. ಇದು ಒಂದನೇ ಕೊಳೆ. ಗಾಳಿಯ ತೇವವನ್ನು ಎಳೆದುಕೊಂಡು ತುಕ್ಕು ತರಿಸುವುದು ಇದೇ.

ಎರಡನೆಯದು ಸೀಸ. ಉಗುರಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆತ್ತನೆಯ ಲೋಹ ಅದು, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಗುಂಡು ಅಥವಾ ಚರೆ ವೇಗವಾಗಿ ಉಕ್ಕಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗ ತನ್ನ ಮೈಯನ್ನು ಅಲ್ಲಲ್ಲಿ ಸವರಿ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬೂದುಬಣ್ಣದ ಉದ್ದುದ್ದ ಗೀಟು ಕಾಣುತ್ತದಲ್ಲ, ಅದೇ ಸೀಸ. ಈಗಿನ ತೋಟಾಗಳಲ್ಲಿ ಚರೆಯನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿರುವುದರಿಂದ ಈ ಉಜ್ಜಾಟ ಕಡಿಮೆ. ನಾರು ತುರುಕಿದ ಕೋವಿಯಲ್ಲಿ ಅಂಥ ಬಟ್ಟಲು ಎಲ್ಲಿಂದ ಬರಬೇಕು?

ಈಗ 1850ರ ದಶಕಕ್ಕೆ ಹೋಗೋಣ. ಆಗ ಸೈನ್ಯಗಳ ದೊಡ್ಡ ತಲೆನೋವು ಏನೆಂದರೆ, ಒಳಗೆ ಸುರುಳಿ ಗೀರು ಇರುವ ರೈಫಲ್ ದೂರಕ್ಕೆ ನೆಟ್ಟಗೆ ಹೊಡೆಯುತ್ತದೆ, ಆದರೆ ಬಾಯಿಯಿಂದ ಗುಂಡು ತುಂಬುವುದು ಕಷ್ಟ. ನಾಲ್ಕು ಸುತ್ತು ಹೊಡೆದರೆ ಕೊಳೆ ಕಟ್ಟಿ ಐದನೆಯದು ಒಳಗೇ ಇಳಿಯುವುದಿಲ್ಲ. ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿ 1849ರಲ್ಲಿ ಇದಕ್ಕೊಂದು ಉಪಾಯ ಮಾಡಿದ. ನಳಿಗೆಗಿಂತ ಕೊಂಚ ಸಣ್ಣ, ಹಿಂಭಾಗ ಟೊಳ್ಳಾದ ಸೀಸದ ಗುಂಡು. ಸಲೀಸಾಗಿ ಒಳಗೆ ಇಳಿಯುತ್ತದೆ, ಮದ್ದು ಸಿಡಿದಾಗ ಉಬ್ಬಿ ಗೀರುಗಳನ್ನು ಹಿಡಿದುಕೊಳ್ಳುತ್ತದೆ. ಈ ತತ್ವದ ಮೇಲೆ ಬ್ರಿಟಿಷರು 1853ರ ಎನ್‌ಫೀಲ್ಡ್ ಕೋವಿ ಮಾಡಿದರು. ಆದರೆ ಗೀರಿಗೆ ಒತ್ತಿಕೊಂಡು ಹೋಗುವ ಸೀಸ ಅಲ್ಲೇ ಅಂಟದಿರಲು, ಮದ್ದಿನ ಮಸಿ ಮೆತ್ತಗೇ ಇದ್ದು ಮುಂದಿನ ಗುಂಡು ಇಳಿಯಲು, ಜಿಡ್ಡು ಬೇಕೇ ಬೇಕು. ಹಾಗಾಗಿ ತೋಟಾದ ಕಾಗದಕ್ಕೆ ಜೇನುಮೇಣ ಮತ್ತು ಪ್ರಾಣಿಕೊಬ್ಬಿನ ಲೇಪ ಹಚ್ಚಿದರು.

ಅಷ್ಟೇ. ಮುಂದಿನ ಕಥೆ ನಿಮಗೆ ಹೈಸ್ಕೂಲಿನಿಂದ ಗೊತ್ತು. ಆ ತೋಟಾವನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕಿತ್ತು. ಕೊಬ್ಬು ದನದ್ದೋ ಹಂದಿಯದ್ದೋ ಎಂಬ ಮಾತು 1857ರ ಜನವರಿಯಲ್ಲಿ ಡಂಡಂನಿಂದ ಹೊರಟಿತು. ಸಿಪಾಯಿಗಳು ತಮಗೆ ಬೇಕಾದ ಜಿಡ್ಡು ತಾವೇ ಹಚ್ಚಿಕೊಳ್ಳಲಿ, ಕೈಯಲ್ಲೇ ಹರಿಯಲಿ ಎಂದು ಸರ್ಕಾರ ತಿದ್ದುವಷ್ಟರಲ್ಲಿ ನಂಬಿಕೆ ಮುರಿದುಬಿದ್ದಿತ್ತು. ಮೇ 10ಕ್ಕೆ ಮೀರತ್ ಸಿಡಿಯಿತು. ದಂಗೆಗೆ ಇನ್ನೂ ಹತ್ತು ದೊಡ್ಡ ಕಾರಣಗಳಿದ್ದವು, ನಿಜ. ಆದರೆ ಆ ಕೊಬ್ಬು ಅಲ್ಲಿಗೆ ಯಾಕೆ ಬಂತು ಅಂತ ಪಾಠದಲ್ಲಿ ಯಾರೂ ಹೇಳುವುದಿಲ್ಲ. ನಳಿಗೆ ಕೊಳೆಯಾಗುತ್ತಿತ್ತು, ಅದಕ್ಕೆ.

ದಂಗೆಯ ನಡುವೆಯೇ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದು ನಿಂತಿದ್ದು ಇದೇ ಕಾನೂನಿನ ವಿರುದ್ಧ, 1857ರ ನವೆಂಬರಿನಲ್ಲಿ. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಲಾವಣಿಯಲ್ಲಿ ಆ ಕಥೆ ಇವತ್ತಿಗೂ ಉಳಿದಿದೆ.

ಇನ್ನು ನಮ್ಮ ಕಡೆಗೆ ಬರೋಣ. 1834ರಲ್ಲಿ ಕೊಡಗನ್ನು ಕಂಪನಿ ವಶಪಡಿಸಿಕೊಂಡಾಗ, ಅದುವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮೂರೇ ವರ್ಷಕ್ಕೆ, 1837ರಲ್ಲಿ, ಅಲ್ಲಿಂದಲೇ ರೈತರು ದಂಡೆದ್ದು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿನವರೆಗೆ ಬಂದು, ಕೆಲ ದಿನ ಊರನ್ನು ಹಿಡಿದುಕೊಂಡಿದ್ದರು. ಅವರ ನಾಯಕರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಮಂಗಳೂರಿನ ಬಾವುಟಗುಡ್ಡದಲ್ಲಿದೆ. ಘಟ್ಟದ ಮೇಲಿನ ಕಥೆ ಬೇರೆ ಥರ ಹೋಯಿತು. 1857ರಲ್ಲಿ ಕೊಡಗು ಶಾಂತವಾಗಿತ್ತು. ಆ ನಿಷ್ಠೆಗೆ ಮೆಚ್ಚಿ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಕೊಟ್ಟ. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ. ಆ ವಿನಾಯಿತಿ ಇನ್ನೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೊಡಗಿನಲ್ಲಿ ಕೋವಿ ಸಂಸ್ಕೃತಿಯ ಭಾಗವೂ ಹೌದು, ಅದರಲ್ಲಿ ತಕರಾರಿಲ್ಲ. ಆದರೆ ಘಟ್ಟ ಇಳಿದರೆ ಅದೇ ಹಂದಿ, ಅದೇ ಮಳೆ. ಕೋವಿಗೆ ಮಾತ್ರ ಅರ್ಜಿ, ವಿಚಾರಣೆ, ನವೀಕರಣ.

1878ರ ಆಯುಧ ಕಾಯ್ದೆ ಪರವಾನಗಿಯ ಪದ್ಧತಿಯನ್ನು ಬ್ರಿಟಿಷ್ ಇಂಡಿಯಾದ ಉದ್ದಗಲಕ್ಕೂ ಗಟ್ಟಿ ಮಾಡಿತು. ಸ್ವಾತಂತ್ರ್ಯದ ನಂತರ 1959ರ ಕಾಯ್ದೆ ಬಂತು. ಅದರ 13ನೇ ಕಲಮು ಓದಿದರೆ ನಿಮಗೂ ನಗು ಬರಬಹುದು. ಬೆಳೆ ರಕ್ಷಣೆಗೆ ಅಂತ ಅದು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು. ಅಂದರೆ ಎನ್‌ಫೀಲ್ಡಿನ ಒಳಗಿನ ಗೀರು ತೆಗೆದುಬಿಟ್ಟರೆ ಉಳಿಯುವುದು ಏನೋ, ಅದೇ ನಮ್ಮ ರೈತನಿಗೆ ಮಂಜೂರಾದ ಯಂತ್ರ. ಅದೇ ಕೇಪು, ಅದೇ ಕರಿಮದ್ದು, ಅದೇ ಗಜ. 1857ರ ಸಿಪಾಯಿಯ ತಲೆನೋವನ್ನು ಕಾನೂನು ಜೋಪಾನವಾಗಿ ಅಜ್ಜನ ಅಟ್ಟಕ್ಕೆ ತಲುಪಿಸಿತು. ಹೊಡೆದು ಕೊಲ್ಲುವ ಪ್ರಶ್ನೆಗೆ 1972ರ ವನ್ಯಜೀವಿ ಕಾಯ್ದೆ ಬೇಲಿ ಹಾಕಿರುವುದರಿಂದ ತೋಟದಲ್ಲಿ ಈ ಕೋವಿಯ ಮುಖ್ಯ ಕೆಲಸ ಶಬ್ದ. ಶಬ್ದಕ್ಕೂ ಮಸಿ ಬೇಕು, ಮಸಿ ಇದ್ದಲ್ಲಿ ಕೊಳೆಯೂ ಇರುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ಮೊದಲನೆಯ ಮಾತು, ಇದು ಪರವಾನಗಿ ಇರುವವರ ಕೆಲಸ. ವೀಕೆಂಡಿಗೆ ಊರಿಗೆ ಹೋದ ಮೊಮ್ಮಕ್ಕಳು ರೀಲ್ಸ್ ಮಾಡಲು ಮುಟ್ಟುವ ವಸ್ತುವಲ್ಲ. ಎರಡನೆಯದು, ಕೇಪಿನ ಕೋವಿ ಖಾಲಿ ಇದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ಗಜವನ್ನು ಒಳಗೆ ಇಳಿಸಿ ಎಷ್ಟು ಇಳಿಯಿತು ಎಂದು ಗುರುತು ಮಾಡಿ, ಹೊರಗಿನಿಂದ ನಳಿಗೆಯ ಪಕ್ಕ ಇಟ್ಟು ನೋಡಬೇಕು. ಗಜ ನಿಪ್ಪಲ್ಲಿನವರೆಗೂ ಮುಟ್ಟದಿದ್ದರೆ ಒಳಗೆ ಏನೋ ಇದೆ ಅಂತಲೇ ಲೆಕ್ಕ.

ಮದ್ದಿನ ಕೊಳೆಗೆ ಸೀಮೆಎಣ್ಣೆ ಹಾಕಿ ಉಜ್ಜುವವರು ಬಹಳ. ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ನಿಪ್ಪಲ್ ಬಿಚ್ಚಿ, ಸೋಪು ಹಾಕಿದ ಬಿಸಿನೀರಿನಲ್ಲಿ ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿ, ಕೊನೆಗೆ ಕುದಿನೀರು ಹೊಯ್ಯಬೇಕು. ಆ ಬಿಸಿಗೆ ನಳಿಗೆ ತಾನೇ ಬೇಗ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ.

ಸೀಸ ಮಾತ್ರ ಇಷ್ಟಕ್ಕೆಲ್ಲ ಜಗ್ಗುವುದಿಲ್ಲ. ಅದು ನೀರಿಗೂ ಕರಗದು, ಸೀಮೆಎಣ್ಣೆಗೂ ಕರಗದು. ಕೆರೆದೇ ತೆಗೆಯಬೇಕು. ಉಕ್ಕಿಗಿಂತ ಮೆತ್ತಗಿನ, ಸೀಸಕ್ಕಿಂತ ಗಟ್ಟಿಯಾದ ಲೋಹ ಬೇಕು. ಹಾಗಾಗಿ ಕಂಚಿನ ತಂತಿಯ ಬ್ರಷ್. ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಬ್ರಷ್ಷನ್ನು ಈ ತುದಿಯಿಂದ ಆ ತುದಿಗೆ ಆಡಿಸಿ, ಬಟ್ಟೆಯಲ್ಲಿ ಬೂದುಬಣ್ಣ ಬರುವುದು ನಿಲ್ಲುವವರೆಗೆ ಒರೆಸುವುದು. ಮರಳು ಕಾಗದ ಬೇಡ, ನಳಿಗೆಯೇ ಸವೆಯುತ್ತದೆ. ಹಿಂದೆ ಪಾದರಸ ಸುರಿದು ಸೀಸವನ್ನು ಅದರಲ್ಲಿ ಕರಗಿಸಿ ತೆಗೆಯುವ ಪದ್ಧತಿಯೂ ಇತ್ತು. ಪಾದರಸದ ಆವಿ ಏನು ಮಾಡುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು. ಇಂಟರ್‌ನೆಟ್ಟಿನಲ್ಲಿ ಓಡಾಡುವ ಇನ್ನೊಂದು ಉಪಾಯ ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವುದು. ಸೀಸ ಕರಗುತ್ತದೆ, ನಿಜ. ಕರಗಿ ಸೀಸದ ಅಸಿಟೇಟ್ ಎಂಬ ವಿಷ ಆಗುತ್ತದೆ. ಗಟ್ಟಿ ಸೀಸಕ್ಕಿಂತ ಎಷ್ಟೋ ಸುಲಭವಾಗಿ ಅದು ಮೈ ಸೇರುತ್ತದೆ. ಅದರ ಸಹವಾಸ ಬೇಡ.

ಸೀಸದ ವಿಷಯದಲ್ಲಿ ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಹೊಡೆತ ಹೆಚ್ಚು ಬೀಳುವುದು ಮಕ್ಕಳ ಮಿದುಳಿನ ಮೇಲೆ. ನಮ್ಮ ಮನೆಗಳಲ್ಲಿ ಕೋವಿ ಒರೆಸುವುದು ಜಗಲಿಯಲ್ಲಿ, ಮಕ್ಕಳು ಆಡುವುದೂ ಅಲ್ಲೇ. ಒರೆಸಿದ ಬಟ್ಟೆ ಹೋಗುವುದು ಬಚ್ಚಲ ಒಲೆಗೆ, ಒಲೆಯ ಬೂದಿ ಹೋಗುವುದು ಬಸಳೆ ಚಪ್ಪರದ ಬುಡಕ್ಕೆ. ಸೀಸ ಬೆಂಕಿಯಲ್ಲಿ ಸುಟ್ಟುಹೋಗುವ ವಸ್ತುವಲ್ಲ. ಬೂದಿಯ ಜತೆ ಅದೂ ಬುಡಕ್ಕೆ ಹೋಗುತ್ತದೆ. ಹಾಗಾಗಿ ಕೈಗವಸು ಹಾಕಿ, ಗಾಳಿ ಆಡುವ ಜಾಗದಲ್ಲಿ, ಅಡುಗೆಮನೆ ಮತ್ತು ಬಾವಿಯಿಂದ ದೂರ ಈ ಕೆಲಸ ಮಾಡಬೇಕು. ಬಟ್ಟೆಯನ್ನು ಒಲೆಗೆ ಹಾಕದೆ ಡಬ್ಬಿಯಲ್ಲಿ ಮುಚ್ಚಿ ಪ್ರತ್ಯೇಕ ಇಡಬೇಕು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕವಳದ ಹರಿವಾಣಕ್ಕೆ ಕೈ ಹಾಕಬಾರದು. ಅಜ್ಜನಿಗೆ ಈ ಕೊನೆಯದನ್ನು ಹೇಳುವುದು ಕಷ್ಟ, ಆದರೂ ಹೇಳಿ.

ಇನ್ನೊಂದು ಮಾತು ಬೆಂಗಳೂರಿನಲ್ಲಿರುವ ನಮ್ಮಂಥವರಿಗೆ. ಪರವಾನಗಿ ಇರುವುದು ಒಬ್ಬ ವ್ಯಕ್ತಿಯ ಹೆಸರಲ್ಲಿ, ಮನೆಯ ಹೆಸರಲ್ಲಿ ಅಲ್ಲ. ಹಿರಿಯರು ತೀರಿಕೊಂಡರೆ ಕೋವಿಯನ್ನು ಠಾಣೆಗೋ ಅಧಿಕೃತ ಡೀಲರಿಗೋ ಒಪ್ಪಿಸಿ, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ಅಟ್ಟದಲ್ಲಿ ಇರಲಿ ಬಿಡು ಅಂತ ಇಟ್ಟರೆ ಅದು ಅಪರಾಧ. ಇಟ್ಟುಕೊಳ್ಳುವುದೋ ಬಿಡುವುದೋ ನಿಮ್ಮ ತೀರ್ಮಾನ. ತೋಟ ನೋಡಿಕೊಳ್ಳಲು ಊರಲ್ಲಿ ಯಾರಿದ್ದಾರೆ ಎನ್ನುವ ಪ್ರಶ್ನೆಯೂ ಅದರ ಜತೆಗೇ ಬರುತ್ತದೆ.

ಮುಂದಿನ ಚುನಾವಣೆ ಎಂದಿನಂತೆ ಬರುತ್ತದೆ, ಆದೇಶವೂ ಬರುತ್ತದೆ. ಠಾಣೆಗೆ ಕೊಡುವ ಹಿಂದಿನ ದಿನ ಒಂದು ಹಂಡೆ ಬಿಸಿನೀರು, ಒಂದು ಕಂಚಿನ ಬ್ರಷ್, ಒಂದು ಜೊತೆ ಕೈಗವಸು ಸಿದ್ಧ ಇಟ್ಟುಕೊಳ್ಳಲು ಊರಿಗೆ ಫೋನು ಮಾಡಿ ಹೇಳಿ. ಬ್ರಷ್ಷು, ಕೈಗವಸು ನೀವೇ ಕಳಿಸಿಕೊಟ್ಟರೆ ಇನ್ನೂ ಒಳ್ಳೆಯದು.