ಕಯೋಟಿಯನ್ನು ಕೂಗಿ ಕರೆದವರು, ಕಯೋಟಿಯನ್ನು ಮುಗಿಸಲು ಹೊರಟವರು

ಕುರಿ ಸಾಕೋರು ಇಬ್ಬರು ಒಂದು ಕಡೆ ಕೂತರೆ ಮಾತು ಕೊನೆಗೆ ನರಿ, ತೋಳದ ಹತ್ರಾನೇ ಬರುತ್ತೆ. "ಒಂದೇ ಸಲ ಎಲ್ಲಾನೂ ಮುಗಿಸಿಬಿಟ್ರೆ ನೆಮ್ಮದಿ" ಅನ್ನೋ ಮಾತೂ ಬಂದೇ ಬರುತ್ತೆ. ಮರಿ ಕಳಕೊಂಡೋರ ಸಂಕಟ ಅದು, ತಪ್ಪು ಹೇಳೋಕಾಗಲ್ಲ. ಆದರೆ ಇದನ್ನ ನಿಜವಾಗಿ ಮಾಡಿ ನೋಡಿದ ದೇಶ ಒಂದಿದೆ. ಸರ್ಕಾರದ ದುಡ್ಡು, ವಿಷ, ಬಂದೂಕು, ವಿಮಾನ ಎಲ್ಲ ಹಾಕಿ ನೂರು ವರ್ಷಕ್ಕೂ ಮೇಲೆ ಮಾಡಿದರು. ಜಾಗ ಅಮೆರಿಕದ ಪಶ್ಚಿಮದ ಕುರಿ ಸೀಮೆ, ಪ್ರಾಣಿ ಕಯೋಟಿ. ಇವತ್ತು ಅದರ ಚರಿತ್ರೆ ಬರೀತೀನಿ. ಉದ್ದ ಇದೆ, ಸಂಜೆ ಬಿಡುವಾದಾಗ ಓದಿ.

ಕಯೋಟಿ ಅಂದ್ರೆ ನಮ್ಮ ನರಿಗೆ ಅಣ್ಣ, ತೋಳಕ್ಕೆ ತಮ್ಮ ಅಂದ್ಕೊಳ್ಳಿ. ಪಶ್ಚಿಮದ ಕಡೆ ಸುಮಾರು 10ರಿಂದ 15 ಕಿಲೋ ತೂಗುತ್ತೆ. ಬೂದು ಮೈ, ಚೂಪು ಮೂತಿ, ಬಾಲದ ತುದಿ ಕಪ್ಪು. ಇಲಿ, ಮೊಲ, ಮಿಡತೆ, ಹಣ್ಣು, ಸತ್ತ ದನ ಏನು ಸಿಕ್ಕಿದ್ರೂ ತಿನ್ನುತ್ತೆ, ಸಿಕ್ಕರೆ ಕುರಿಮರಿಯನ್ನೂ ಬಿಡಲ್ಲ. ಹೆಸರು ಬಂದದ್ದು ಮೆಕ್ಸಿಕೋದ ಮೂಲನಿವಾಸಿಗಳ ನಹುಆಟ್ಲ್ ಭಾಷೆಯಿಂದ. 1804ರಲ್ಲಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು ಇದನ್ನು ಕಂಡು ಹುಲ್ಲುಗಾವಲಿನ ತೋಳ ಅಂತ ಕರೆದರು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಕೊಟ್ಟ ಹೆಸರು ಕೇನಿಸ್ ಲೇಟ್ರನ್ಸ್, ಅಂದರೆ ಬೊಗಳುವ ನಾಯಿ. ಆಗ ಅದು ಇದ್ದದ್ದು ಮುಖ್ಯವಾಗಿ ನಡುನಾಡಿನ ಬಯಲು ಮತ್ತು ಪಶ್ಚಿಮದ ಒಣ ಸೀಮೆಯಲ್ಲಿ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಆ ಸೀಮೆ ತುಂಬ ದನ, ಕುರಿ ಬಂದವು. ಜೊತೆಗೇ ವಿಷವೂ ಬಂತು. ಸತ್ತ ಪ್ರಾಣಿಯ ಮಾಂಸಕ್ಕೆ ಸ್ಟ್ರಿಕ್ನಿನ್ ಹಾಕಿ ಬಯಲಲ್ಲಿ ಬಿಡೋದು, ತಿಂದ ತೋಳ, ಕಯೋಟಿ, ಹದ್ದು, ನಾಯಿ ಎಲ್ಲ ಸಾಯೋದು. ತಲೆಗಿಷ್ಟು ಅಂತ ಇನಾಮೂ ಇತ್ತು. ಮೊಂಟಾನಾ ರಾಜ್ಯದವರು 1905ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಡಿದ ತೋಳ, ಕಯೋಟಿಗಳಿಗೆ ಪಶುವೈದ್ಯರ ಕೈಯಲ್ಲಿ ಕಜ್ಜಿ ಹುಳ ಅಂಟಿಸಿ ವಾಪಸ್ ಕಾಡಿಗೆ ಬಿಡೋದಕ್ಕೆ ಕಾನೂನೇ ಮಾಡಿದರು. ರೋಗ ಹಬ್ಬಿ ತಾವೇ ಸಾಯಲಿ ಅನ್ನೋ ಲೆಕ್ಕ.

1915ರಲ್ಲಿ ಕೇಂದ್ರ ಸರ್ಕಾರವೇ ಕೈ ಹಾಕಿತು. ಬಯಾಲಾಜಿಕಲ್ ಸರ್ವೆ ಅನ್ನೋ ಇಲಾಖೆಗೆ ಸಂಸತ್ತು 1,25,000 ಡಾಲರ್ ಕೊಟ್ಟು ಸಂಬಳದ ಬೇಟೆಗಾರರನ್ನು ಇಟ್ಟಿತು. ವಿಷ ತಯಾರಿಸೋದಕ್ಕೇ ಒಂದು ಪ್ರಯೋಗಾಲಯ ತೆರೆದು, ಆಮೇಲೆ ಅದನ್ನ ಡೆನ್ವರ್‌ಗೆ ತಂದರು. 1931ರಲ್ಲಿ ಅಧ್ಯಕ್ಷ ಹೂವರ್ ಸಹಿ ಹಾಕಿದ ಕಾಯ್ದೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಖರ್ಚಿಗೆ ದಾರಿ ಮಾಡಿತು. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ 1080 ಅನ್ನೋ ಹೊಸ ವಿಷ ಬಂತು, ಮೂತಿ ಹಾಕಿ ಎಳೆದರೆ ಬಾಯೊಳಗೆ ಸಯನೈಡ್ ಹಾರಿಸೋ ಕೊಳವೆಗಳೂ ಬಂದವು.

ಇಷ್ಟರಲ್ಲಿ ತೋಳ ಮುಗಿದೇ ಹೋಯಿತು. ಯೆಲ್ಲೊಸ್ಟೋನ್ ಉದ್ಯಾನದ ಕೊನೆಯ ತೋಳಗಳನ್ನು ಕೊಂದದ್ದು 1926ರಲ್ಲಿ. ಕಯೋಟಿ ಮಾತ್ರ ಮುಗಿಯಲಿಲ್ಲ. ಅದನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತಿದ್ದದ್ದೇ ತೋಳ. ತೋಳ ಇಲ್ಲವಾದ ಮೇಲೆ ಆ ಜಾಗವೂ ಕಯೋಟಿಗೇ ಸಿಕ್ಕಿತು.

ಇದೇ ಕಾಲದಲ್ಲಿ ಇನ್ನೊಂದು ಥರದ ಬೇಟೆಗಾರರೂ ಇದ್ದರು. ಇವರು ಕಯೋಟಿಯ ಹಿಂದೆ ಓಡೋರಲ್ಲ, ಕೂತ ಕಡೆಗೇ ಅದನ್ನ ಕೂಗಿ ಕರೆಯೋರು. ಟೆಕ್ಸಸ್‌ನ ಮಾರ್ಬಲ್ ಫಾಲ್ಸ್ ಊರಿನ ಮರಿ ಮತ್ತು ವಿನ್ಸ್‌ಟನ್ ಬರ್ನ್‌ಹ್ಯಾಮ್ ಅಣ್ಣತಮ್ಮಂದಿರು ಇದರಲ್ಲಿ ದೊಡ್ಡ ಹೆಸರು. ಸಾಯೋ ಮೊಲದ ಚೀರಾಟವನ್ನ ಬಾಯಲ್ಲೇ ಅನುಕರಿಸೋ ವಿದ್ಯೆ ಅವರಿಗೆ ಅಪ್ಪನಿಂದ ಬಂದದ್ದು. 1950ರ ದಶಕದಲ್ಲಿ ಆ ಸದ್ದು ಮಾಡೋ ಪೀಪಿ ತಯಾರಿಸಿ ಅಂಚೆಯಲ್ಲಿ ದೇಶಕ್ಕೆಲ್ಲ ಮಾರಿದರು. ಅದೇ ರಾಜ್ಯದ ವೇಕೊ ಊರಿನ ಜಾನಿ ಸ್ಟೂವರ್ಟ್ ನಿಜವಾದ ಪ್ರಾಣಿಗಳ ಕೂಗನ್ನೇ ರೆಕಾರ್ಡ್ ಮಾಡಿ ಮಾರಿದ. ನಮಗೂ ಇದು ಪೂರಾ ಹೊಸದಲ್ಲ. ಪಂಜರದ ಗೌಜಲಕ್ಕಿ ಕೂಗಿಸಿ ಕಾಡಿನ ಗೌಜಲು ಹಿಡಿಯೋದನ್ನ ನಮ್ಮ ಹಿರೀಕರು ಕಂಡೋರೇ. ಆದರೆ ಗೌಜಲು ಜಗಳಕ್ಕೆ ಬರುತ್ತೆ, ಕಯೋಟಿ ಲೆಕ್ಕ ಹಾಕ್ಕೊಂಡು ಬರುತ್ತೆ.

ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಗಾಡಿಯನ್ನ ದಿಬ್ಬದ ಹಿಂದೆ ನಿಲ್ಲಿಸಬೇಕು, ಬಾಗಿಲು ಧಡ್ ಅನ್ನಬಾರದು. ನಡೆದು ಹೋಗಿ ಪೊದೆಗೆ ಬೆನ್ನು ಕೊಟ್ಟು, ಬಿಸಿಲು ಬೆನ್ನಿಗೆ, ಗಾಳಿ ಮುಖಕ್ಕೆ ಇರೋ ಹಾಗೆ ಕೂರಬೇಕು. ನಡೆದು ಬಂದ ಗಲಾಟೆ ತಣ್ಣಗಾಗೋವರೆಗೂ ಸುಮ್ಮನಿರಬೇಕು. ಆಮೇಲೆ ಒಂದೆರಡು ನಿಮಿಷ ಮೊಲದ ಚೀರು, ಮತ್ತೆ ಮೌನ, ಮತ್ತೆ ಚೀರು. ಕೈ ಅಲ್ಲಾಡಬಾರದು, ತಲೆ ತಿರುಗಬಾರದು. ಹೀಗೆ ಇಪ್ಪತ್ತು ನಿಮಿಷ, ಕೆಲವರು ಅರ್ಧ ಗಂಟೆ. ಏನೂ ಬರಲಿಲ್ಲ ಅಂದ್ರೆ ಎದ್ದು ಮೈಲಿ ದೂರ ಹೋಗಿ ಮೊದಲಿಂದ ಶುರು. ಚಳಿಗಾಲದ ಬೆಳಗ್ಗೆ ಹೀಗೆ ಹತ್ತು ಕಡೆ ಕೂತು ಒಂದು ಬಾಲವನ್ನೂ ನೋಡದೆ ಮನೆಗೆ ಬರೋದು ಅವರಿಗೆ ಮಾಮೂಲು.

ಬಂದಾಗಲೂ ಗೆದ್ದ ಹಾಗಲ್ಲ. ಕಯೋಟಿ ನೇರವಾಗಿ ಬರೋದು ಕಮ್ಮಿ, ಸುತ್ತು ಹಾಕಿ ಗಾಳಿಯ ಕೆಳಮಗ್ಗುಲಿಗೆ ಹೋಗುತ್ತೆ. ಕಿವಿ ಮೊಲ ಅಂದಿದ್ದನ್ನ ಮೂಗು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಮನುಷ್ಯನ ವಾಸನೆ ಒಂದು ಎಳೆ ಸಿಕ್ಕಿದ್ರೂ ಮಾಯ. ಕೆಲವು ಬಂದೂಕಿನ ಅಳತೆ ಮೀರಿದ ದೂರದಲ್ಲಿ ನಾಯಿ ಥರ ಕೂತು ಸುಮ್ಮನೆ ನೋಡ್ತವೆ. ಕೆಲವು ಬೇಟೆಗಾರ ಬೇಜಾರಾಗಿ ಎದ್ದು ನಿಂತ ಗಳಿಗೆಯಲ್ಲೇ ಹಿಂದಿನ ಪೊದೆಯಿಂದ ಹಾರಿ ಓಡ್ತವೆ. ಇನ್ನೈದು ನಿಮಿಷ ಕೂರಬೇಕಿತ್ತು ಅನ್ನೋದು ಆ ಕಸುಬಿನವರ ಹಳೇ ಗೋಳು.

ಆ ಗೋಳಿನಿಂದಲೇ ಅವರು ಒಂದು ಪಾಠ ಕಲಿತರು. ಕರೆಸಿಕೊಂಡು ತಪ್ಪಿಸಿಕೊಂಡ ಕಯೋಟಿ ಕಲಿತ ಕಯೋಟಿ. ಮೊಲ ಚೀರಿದ ಕಡೆ ಮನುಷ್ಯ ಇರ್ತಾನೆ ಅಂತ ಅದಕ್ಕೆ ಗೊತ್ತಾಯ್ತು, ಇನ್ನು ಆ ಸದ್ದಿಗೆ ಅದು ಬರೋದು ಕಷ್ಟ. ಅದಕ್ಕೇ ಅನುಭವ ಇದ್ದೋರು ಗಾಳಿ ಸರಿ ಇಲ್ಲದ ದಿನ ಕೂಗೋದೇ ಇಲ್ಲ. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಹೋಗಲ್ಲ. ಕಾಲಕ್ಕೆ ತಕ್ಕ ಹಾಗೆ ಸದ್ದು ಬದಲಿಸ್ತಾರೆ: ಜನವರಿ, ಫೆಬ್ರವರಿ ಬೆದೆಯ ಕಾಲದಲ್ಲಿ ಊಳು, ಮರಿ ಸಾಕೋ ಕಾಲದಲ್ಲಿ ಮರಿಯ ಕುಂಯ್‌ಗುಟ್ಟುವಿಕೆ. ಇನ್ನೊಂದೂ ಅವರಿಗೆ ಗೊತ್ತಿತ್ತು. ಮಳೆಗಾಲ ಕಳೆದ ಮೇಲೆ ಸುಲಭವಾಗಿ ಓಡಿ ಬರೋದು ಆ ವರ್ಷದ ಎಳೇ ಮರಿಗಳು. ಹಳೇ ಜೋಡಿ ದೂರದಲ್ಲೇ ನಿಲ್ಲುತ್ತೆ.

ಈ ಕೊನೇ ಮಾತನ್ನ ಹಿಡಕೊಂಡು ಸರ್ಕಾರದ ಯುದ್ಧವನ್ನ ನೋಡಿ. ವಿಷ, ಉರುಲು, ಗುಂಡಿಗೆ ಮೊದಲು ಬೀಳೋದು ಯಾವುದು? ಕಲಿಯದ ಎಳೇದು. ಹಾಗಾದ್ರೆ ಕುರಿ ಹೊಡೆಯೋದು ಯಾವುದು? 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಪ್‌ಲ್ಯಾಂಡ್ ಕೇಂದ್ರದಲ್ಲಿ ಕಯೋಟಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ನೋಡಿದರು. ಕುರಿ ಕೊಲ್ತಿದ್ದದ್ದು ಬಹುಪಾಲು ತನ್ನದೇ ಸರಹದ್ದು ಇಟ್ಟುಕೊಂಡ, ಮರಿ ಹಾಕಿದ ಜೋಡಿ. ಉರುಲಿಗೆ ಸಿಗದೆ ತಪ್ಪಿಸಿಕೊಳ್ತಿದ್ದದ್ದೂ ಅವೇ. ಅಂದರೆ ಸತ್ತದ್ದು ಒಂದು, ಕೊಂದದ್ದು ಇನ್ನೊಂದು.

ಸಂಖ್ಯೆಯ ಲೆಕ್ಕ ಇನ್ನೂ ವಿಚಿತ್ರ. ಫ್ರೆಡರಿಕ್ ನೋಲ್ಟನ್ ಎಂಬ ಸಂಶೋಧಕ 1972ರಲ್ಲಿ ಟೆಕ್ಸಸ್‌ನ ಲೆಕ್ಕ ಪ್ರಕಟಿಸಿದರು. ಕಯೋಟಿ ದಟ್ಟವಾಗಿದ್ದ, ಕೊಲ್ಲೋದು ಕಮ್ಮಿ ಇದ್ದ ಕಡೆ ಒಂದು ಸೂಲಿಗೆ ಸರಾಸರಿ 4.3 ಮರಿ. ಬಿರುಸಾಗಿ ಕೊಲ್ತಿದ್ದ ಕಡೆ 6.9. ಉಳಿದವಕ್ಕೆ ಮೇವು ಜಾಸ್ತಿ, ಜಾಗ ಜಾಸ್ತಿ, ಹಾಗಾಗಿ ಮರಿಯೂ ಜಾಸ್ತಿ. 1975ರಲ್ಲಿ ಕೊನಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ಇಬ್ಬರು ಗಣಿತ ಹಾಕಿ ನೋಡಿದರು: ವರ್ಷಾ ವರ್ಷಾ ನೂರಕ್ಕೆ 75 ಕಯೋಟಿ ಕೊಂದರೂ ಪೂರ್ತಿ ಮುಗಿಸೋಕೆ ಐವತ್ತು ವರ್ಷ ದಾಟುತ್ತೆ. ನೂರಕ್ಕೆ 75 ಅಂದ್ರೆ ಯಾವ ಸರ್ಕಾರದ ಕೈಲೂ ಆಗೋ ಕೆಲಸ ಅಲ್ಲ.

ಫಲ ಏನಾಯ್ತು? ಬಯಲುಸೀಮೆಯಲ್ಲಿದ್ದ ಪ್ರಾಣಿ ಇವತ್ತು ಹವಾಯಿ ದ್ವೀಪ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್‌ನಲ್ಲೂ ಕಾಣಿಸಿಕೊಂಡಿದೆ. ಅದೂ ಕೊಲ್ಲೋದನ್ನ ನಿಲ್ಲಿಸಿ ಅಲ್ಲ. ಆ ಇಲಾಖೆಯ ಈಗಿನ ವಾರಸುದಾರರು 2021ರ ಒಂದೇ ವರ್ಷದಲ್ಲಿ ಸುಮಾರು 64 ಸಾವಿರ ಕಯೋಟಿ ಕೊಂದಿದ್ದಾರೆ.

ನಡುವೆ ಎಚ್ಚರಿಸಿದವರು ಇರಲಿಲ್ಲ ಅಂತಲ್ಲ. ಅಡಾಲ್ಫ್ ಮ್ಯೂರಿ ಎಂಬ ಸರ್ಕಾರಿ ವಿಜ್ಞಾನಿ ಯೆಲ್ಲೊಸ್ಟೋನ್‌ನಲ್ಲಿ ಎರಡು ವರ್ಷ ಓಡಾಡಿ ಐದು ಸಾವಿರಕ್ಕೂ ಹೆಚ್ಚು ಕಯೋಟಿ ಹಿಕ್ಕೆ ಬಿಡಿಸಿ ನೋಡಿ, 1940ರಲ್ಲಿ ವರದಿ ಕೊಟ್ಟರು. ಅದರಲ್ಲಿ ಇದ್ದದ್ದು ಬಹುಪಾಲು ಇಲಿ ಜಾತಿಯವು. ಹೊಲ ಇರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಾಲದಲ್ಲಿ ಈ ವರದಿ ಯಾರಿಗೂ ರುಚಿಸಲಿಲ್ಲ. ಕೊನೆಗೆ 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನಿನಲ್ಲಿ ಇಂಥ ವಿಷ ಇಡೋದನ್ನ ನಿಷೇಧಿಸಿದರು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ 1972ರ ಸೆಪ್ಟೆಂಬರ್‌ನಲ್ಲಿ.

ವಿಷ ಕೈ ತಪ್ಪಿದ ಮೇಲೆ ಅಲ್ಲಿನ ಕುರಿಯವರು ಹಳೇ ಲೋಕದ ಕಡೆ ತಿರುಗಿದರು. ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 1970ರ ದಶಕದ ಕೊನೆಗೆ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನಿಂದ ಕಾವಲು ನಾಯಿಗಳ ಯೋಜನೆ ಶುರು ಮಾಡಿದರು. ಇಟಲಿ, ಯುಗೊಸ್ಲಾವಿಯಾ, ಟರ್ಕಿಯ ಕುರುಬರ ನಾಯಿ ತಳಿ ತಂದು ರೈತರಿಗೆ ಕೊಟ್ಟರು. ಇದಕ್ಕೂ ತಾಳ್ಮೆಯೇ ಬಂಡವಾಳ. ಮರಿಯನ್ನ ಎರಡು ತಿಂಗಳೊಳಗೇ ಕುರಿಗಳ ಜೊತೆ ಬಿಡಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಮೊದಲ ವರ್ಷ ಅದು ಆಟಕ್ಕೆ ಕುರಿಮರಿಯ ಕಿವಿ ಕಚ್ಚುತ್ತೆ, ಅಟ್ಟಿಸುತ್ತೆ. ಆಗ ಬೇಸತ್ತು ಅಟ್ಟಿದೋರಿಗೆ ನಾಯಿಯೂ ಇಲ್ಲ, ಕುರಿಯೂ ಇಲ್ಲ. ತಿದ್ದಿಕೊಂಡು ಎರಡು ವರ್ಷ ಕಾದೋರಿಗೆ ಹಿಂಡಿನೊಳಗೇ ಕಾವಲು ಸಿಕ್ಕಿತು.

ಇನ್ನೊಂದು ಲೆಕ್ಕ ಹೇಳಲೇಬೇಕು. 1942ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 5 ಕೋಟಿ 60 ಲಕ್ಷ ಕುರಿ ಇದ್ದವು. ಈಗ 50 ಲಕ್ಷದ ಆಸುಪಾಸು. ಎಲ್ಲ ಕಯೋಟಿ ತಿಂದವಾ? 2006ರಲ್ಲಿ ಕಿಮ್ ಬರ್ಗರ್ ಎಂಬ ಸಂಶೋಧಕಿ ದಶಕಗಳ ಅಂಕಿ ಕೂಡಿಸಿ ನೋಡಿದರು. ಕೂಲಿ ದರ, ಮೇವಿನ ಬೆಲೆ, ಕುರಿಮರಿಯ ಬೆಲೆ ಇವು ಆ ಇಳಿತವನ್ನ ವಿವರಿಸಿದಷ್ಟು ಕಯೋಟಿ ಕೊಲ್ಲೋ ಕೆಲಸ ವಿವರಿಸಲಿಲ್ಲ. ಕಯೋಟಿ ಇನ್ನೂ ತಲುಪದ ಪೂರ್ವದ ರಾಜ್ಯಗಳಲ್ಲೂ ಕುರಿ ಅದೇ ಥರ ಇಳಿದಿದ್ದವು. ಮರಿ ಕಳಕೊಂಡ ಒಬ್ಬ ರೈತನ ನಷ್ಟ ಸುಳ್ಳಲ್ಲ. ಆದರೆ ಇಡೀ ಕಸುಬನ್ನ ತಿಂದದ್ದು ಮಾರುಕಟ್ಟೆ. ಅದಕ್ಕೆ ಹಲ್ಲು ಕಾಣಲ್ಲ, ಊಳಿಡೋದೂ ಇಲ್ಲ. ಕಾಣೋ ಶತ್ರುವಿನ ಮೇಲೆ ದುಡ್ಡು ಸುರಿಯೋದು ಯಾವ ಸರ್ಕಾರಕ್ಕೂ ಸಲೀಸು.

ನಮ್ಮ ಕಡೆ ನರಿ, ತೋಳ ಹೊಡೆಯೋದು, ವಿಷ ಇಡೋದು ಕಾನೂನು ಪ್ರಕಾರ ಅಪರಾಧ. ಕೂಗಿ ಕರೆಯೋ ವಿದ್ಯೆ ಬರೆದದ್ದು ಇಲ್ಲಿ ಮಾಡಲಿ ಅಂತ ಅಲ್ಲ. ಅವರು ಕೂತು ನೋಡಿ ಕಲಿತದ್ದು ನಮಗೆ ಬೇಕು. ಯಾವ ದಿಕ್ಕಿಂದ ಬಂತು, ಎಷ್ಟು ಹೊತ್ತಿಗೆ ಬಂತು, ಹೆಜ್ಜೆ ನರಿಯದಾ, ಬೀದಿನಾಯಿಯದಾ, ಕಚ್ಚಿದ್ದು ಕುತ್ತಿಗೆಗಾ, ತೊಡೆಗಾ. ಇಷ್ಟು ಬರೆದಿಟ್ಟರೆ ಬೇಲಿ ಎಲ್ಲಿ ಬಿಗಿ ಮಾಡಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಸತ್ತ ಕುರಿಯನ್ನ ಹಳ್ಳಕ್ಕೆ ಎಸೆಯೋ ಬದಲು ಆಳವಾಗಿ ಹೂಳಿ. ಎಸೆದರೆ ಕುರಿ ಮಾಂಸದ ರುಚಿ ನಾವೇ ಕಲಿಸಿದ ಹಾಗೆ. ಈಯೋ ತಿಂಗಳಲ್ಲಿ ಮರಿಗಳನ್ನ ಬಯಲಲ್ಲಿ ಬಿಡಬೇಡಿ, ರಾತ್ರಿ ರೊಪ್ಪಕ್ಕೆ ಕೂಡಿ.

ರೊಪ್ಪದಲ್ಲೇ ಹುಟ್ಟಿ ಕುರಿ ಜೊತೆ ಬೆಳೆದ ನಾಯಿ ನಿಮ್ಮಲ್ಲಿ ಯಾರ ಹತ್ರ ಇದೆ? ಹೇಗೆ ಪಳಗಿಸಿದ್ರಿ, ಎಷ್ಟು ದಿನ ಹಿಡೀತು, ಮೊದಲ ವರ್ಷ ಏನೇನು ಕಾಟ ಕೊಟ್ಟಿತು, ಕೆಳಗೆ ಬರೀರಿ. ಮರಿ ನಾಯಿ ಹುಡುಕ್ತಿರೋ ಕುರಿಯವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಉಪಯೋಗ ಆಗುತ್ತೆ.