ಕೂದಲು ಹೇಳುವ ಸಾಕ್ಷ್ಯ



ನಮ್ಮ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಬೆಳಕಿಗೆ ತಂದರು. ಅದುವರೆಗೆ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ' ಎಂಬ ಬಿರುದು. ಆತ ಅಶೋಕನೇ ಎಂದು ಖಚಿತಪಡಿಸಿದ್ದು ನಮ್ಮೂರ ಕಲ್ಲು. ಕಲ್ಲನ್ನು ಓದಿ ರಾಜನನ್ನು ಗುರುತಿಸಿದಂತೆಯೇ ಕೂದಲನ್ನು ಓದಿ ಮನುಷ್ಯನ ಚಟವನ್ನು ಗುರುತಿಸುವ ವಿದ್ಯೆಯೊಂದು ಈಗ ನ್ಯಾಯಾಲಯದ ಬಾಗಿಲಿಗೆ ಬಂದಿದೆ. ಅದರ ಇತಿಹಾಸ ತಿಳಿಯೋಣ ಬನ್ನಿ.

ಇದು ಶುರುವಾದದ್ದು ವಿಷದಿಂದ. ಹೂತ ಹೆಣದ ಕೂದಲಿನಲ್ಲಿ ಆರ್ಸೆನಿಕ್ ಉಳಿದಿರುತ್ತದೆ ಎಂಬುದು 19ನೇ ಶತಮಾನದ ನಡುವಿನಲ್ಲೇ ಜರ್ಮನಿಯ ವೈದ್ಯರಿಗೆ ಗೊತ್ತಿತ್ತು. 1821ರಲ್ಲಿ ತೀರಿಕೊಂಡ ನೆಪೋಲಿಯನ್ನನ ಕೂದಲನ್ನು 1961ರಲ್ಲಿ ಪರೀಕ್ಷಿಸಿ, ಅವನಿಗೆ ವಿಷ ಹಾಕಿದ್ದರು ಎಂಬ ಸುದ್ದಿ ಹಬ್ಬಿತು. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲನ್ನೂ ನೋಡಿದಾಗ ಅದರಲ್ಲೂ ಅಷ್ಟೇ ಆರ್ಸೆನಿಕ್ ಇತ್ತು! ಆ ಕಾಲದ ಜನರ ಕೂದಲೇ ಹಾಗಿತ್ತು. ಮಾದಕ ವಸ್ತುವಿನ ಸರದಿ ಬಂದದ್ದು 1979ರಲ್ಲಿ. ಅಮೆರಿಕದ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ಹೆರಾಯಿನ್ ಸೇವಿಸುವವರ ಕೂದಲಿನಲ್ಲಿ ಮಾರ್ಫಿನ್ ಕಂಡುಹಿಡಿದರು.

ವಿದ್ಯಾರ್ಥಿಗಳೇ, ಇದರ ಗುಟ್ಟು ಸರಳ. ಕೂದಲಿನ ಬೇರಿಗೆ ರಕ್ತ ಹರಿಯುತ್ತದೆ. ಸೇವಿಸಿದ ವಸ್ತುವಿನ ಅಂಶ ರಕ್ತದಿಂದ ಬೆಳೆಯುತ್ತಿರುವ ಕೂದಲಿನೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಬುಡದ 3 ಸೆಂ.ಮೀ. ಎಂದರೆ ಸುಮಾರು 3 ತಿಂಗಳ ಲೆಕ್ಕಪತ್ರ. ಮೂತ್ರ ಪರೀಕ್ಷೆ ಸಾಮಾನ್ಯವಾಗಿ ಕೆಲವೇ ದಿನಗಳ ಸುದ್ದಿ ಹೇಳೀತು. ಮದ್ಯವಾದರೆ, ಅದನ್ನು ಕುಡಿದಾಗ ದೇಹದಲ್ಲಿ ಉಂಟಾಗುವ ಎಥೈಲ್ ಗ್ಲುಕುರೊನೈಡ್ ಎಂಬ ವಸ್ತುವನ್ನು ಹುಡುಕುತ್ತಾರೆ. 1 ಮಿಲಿಗ್ರಾಂ ಕೂದಲಿನಲ್ಲಿ ಅದು 30 ಪಿಕೊಗ್ರಾಂ ದಾಟಿದರೆ ಅತಿಯಾದ ಕುಡಿತವೆಂದು ಎಣಿಸುತ್ತಾರೆ.

ಆದರೆ ಕೂದಲಿಗೆ ಹೊರಗಿನ ಹೊಗೆಯೂ ಅಂಟುತ್ತದೆ, ಪುಡಿಯೂ ಅಂಟುತ್ತದೆ. ಬಣ್ಣ ಹಚ್ಚಿದರೆ ಒಳಗಿದ್ದದ್ದು ಕಡಿಮೆಯಾಗುತ್ತದೆ. ಕೊಕೇನಿನಂಥ ವಸ್ತುಗಳು ಕಪ್ಪು ಕೂದಲಿನಲ್ಲಿ ಹೆಚ್ಚು ನಿಲ್ಲುತ್ತವೆ. ನಮ್ಮ ನಾಡಿನಲ್ಲಿ ಯಾರ ಕೂದಲು ಕಪ್ಪಲ್ಲ ಹೇಳಿ? ಅದಕ್ಕೇ ಮೊದಲು ಕೂದಲನ್ನು ತೊಳೆದು, ಪ್ರಾಥಮಿಕ ಪರೀಕ್ಷೆಯ ಮೇಲೆ ಮತ್ತೊಂದು ಖಚಿತ ಪರೀಕ್ಷೆ ಮಾಡಲೇಬೇಕು.

ಇದನ್ನು ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ? ಕೆನಡಾದ ಟೊರಾಂಟೋದಲ್ಲಿ ಮಕ್ಕಳ ಆಸ್ಪತ್ರೆಯೊಂದರ 'ಮದರಿಸ್ಕ್' ಪ್ರಯೋಗಾಲಯ ತಾಯಂದಿರ ಕೂದಲು ಪರೀಕ್ಷಿಸಿ ವರದಿ ಕೊಡುತ್ತಿತ್ತು. ತಾಯಿಯ ಮಡಿಲಲ್ಲಿ ಮಗು ಇರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಆ ವರದಿಯೂ ಸೇರುತ್ತಿತ್ತು. 2005ರಿಂದ 2015ರವರೆಗಿನ ಅದರ ಪರೀಕ್ಷೆಗಳು ನಂಬಲರ್ಹವಲ್ಲ ಎಂದು 2015ರ ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಸೂಸಾನ್ ಲ್ಯಾಂಗ್ ವರದಿ ಕೊಟ್ಟರು. ಮುಂದೆ 1,271 ಕಡತಗಳನ್ನು ತೆರೆದು ನೋಡಿದ ಜುಡಿತ್ ಬೀಮನ್ ಆಯೋಗ, 56 ಪ್ರಕರಣಗಳಲ್ಲಿ ಈ ಪರೀಕ್ಷೆಯೇ ತೀರ್ಪಿನ ಮೇಲೆ ಬಲವಾದ ಪರಿಣಾಮ ಬೀರಿತ್ತು ಎಂದು 2018ರಲ್ಲಿ ತಿಳಿಸಿತು. ಅಷ್ಟರಲ್ಲಿ ಕೆಲವು ಮಕ್ಕಳು ದತ್ತು ಹೋಗಿದ್ದರು. ಕಾಗದ ತಿದ್ದಬಹುದು, ಬೇರೆ ಮನೆಯಲ್ಲಿ ಬೆಳೆದ ಮಗುವನ್ನು ಹಿಂದಕ್ಕೆ ತರುವುದು ಹೇಗೆ?

ನಮ್ಮ ರಾಜ್ಯದಲ್ಲಿ ಈ ಪರೀಕ್ಷೆ ಮನೆಮಾತಾದದ್ದು 2020ರಲ್ಲಿ. ಬೆಂಗಳೂರಿನ ಕೇಂದ್ರ ಅಪರಾಧ ದಳ ಇಬ್ಬರು ಚಿತ್ರನಟಿಯರನ್ನು ಬಂಧಿಸಿ, ಅವರ ಕೂದಲನ್ನು ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿತು. ಮಾದಕ ವಸ್ತುವಿನ ಅಂಶ ಇದೆ ಎಂಬ ವರದಿಯ ಸುದ್ದಿ ಹೊರಬಿದ್ದದ್ದು 2021ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಅವರು ತಿಂಗಳುಗಟ್ಟಲೆ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದರು. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಸೇವನೆಗೆ 27ನೇ ಕಲಂ ಇದೆ, ಶಿಕ್ಷೆ ಹೆಚ್ಚೆಂದರೆ 1 ವರ್ಷ. ಮಾರಾಟದ ಕಲಂಗಳು ಬೇರೆ, ಶಿಕ್ಷೆಯೂ ಬಹಳ ಹೆಚ್ಚು. ಸೇವಿಸಿದ್ದನ್ನು ಕೂದಲು ಹೇಳೀತೇ ಹೊರತು ಮಾರಿದ್ದನ್ನು ಹೇಳಲಾರದು. ಕರ್ನಾಟಕ ಹೈಕೋರ್ಟ್ ಒಬ್ಬರ ಮೇಲಿನ ಪ್ರಕರಣವನ್ನು 2024ರಲ್ಲಿ, ಇನ್ನೊಬ್ಬರದನ್ನು 2025ರಲ್ಲಿ ರದ್ದುಪಡಿಸಿತು.